ಕದಲದ ಟೆಕ್, ನಿಲ್ಲದ ಪ್ಯಾಕೇಜುಗಳು

2021ರಲ್ಲಿ ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಹೊಸ ಆವೃತ್ತಿ ಬಂತು. ಅದರ ಸಂಖ್ಯೆ 3.141592653. ಅದರ ಹಿಂದಿನದು 2014ರದ್ದು, ಸಂಖ್ಯೆ 3.14159265. ಏಳು ವರ್ಷ ಕಾದವರಿಗೆ ದಕ್ಕಿದ್ದು ಬಾಲದಲ್ಲಿ ಒಂದು ಮೂರು! ಮುಂದಿನ ತಪಾಸಣೆ 2029ಕ್ಕೆ. ಇದನ್ನು ಬರೆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಸಲಸಲಕ್ಕೂ ಪೈ ಸಂಖ್ಯೆಯತ್ತ ಒಂದಂಕಿ ಸರಿಯುತ್ತಾರೆ, ಅಷ್ಟೆ. ತಾನು ತೀರಿಕೊಂಡ ದಿನ ಆವೃತ್ತಿ ಸಂಖ್ಯೆಯ ಜಾಗದಲ್ಲಿ ಪೈ ಎಂದೇ ಬರೆದುಬಿಡಿ, ಆಗ ಉಳಿದಿರುವ ದೋಷಗಳನ್ನೆಲ್ಲ ಗುಣಗಳೆಂದೇ ತಿಳಿಯಿರಿ ಎಂದೂ ಹೇಳಿಟ್ಟಿದ್ದಾರೆ.

ಇಷ್ಟು ಹಟ ಹಿಡಿದು ಕೂತ ತಂತ್ರಾಂಶದಲ್ಲೇ ಇವತ್ತು ಜನ ಚದುರಂಗದ ಮನೆಗಳನ್ನು ಬಿಡಿಸುತ್ತಾರೆ, ಬೆಂಜೀನಿನ ಉಂಗುರ ಬರೆಯುತ್ತಾರೆ, ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಅಚ್ಚು ಹಾಕುತ್ತಾರೆ, ಬೆರಳೊತ್ತಿದರೆ ಪುಟ ಹಾರುವ ಪಿಡಿಎಫ್ ತಯಾರಿಸುತ್ತಾರೆ. ಟೆಕ್ ಶುರುವಾದದ್ದು 1977ರಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ಕ್ಕೆ, ಪಿಡಿಎಫ್ ಹುಟ್ಟಿದ್ದು 1993ಕ್ಕೆ. ತಿರುಳು ಅಲ್ಲಾಡದೆ ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಟೆಕ್ ಬಳಸುವವರು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ: ಪ್ಯಾಕೇಜು. ಮಾತು ಸಲೀಸು. ಆ ಪ್ಯಾಕೇಜಿನೊಳಗೆ ಏನಿದೆ, ಅದು ನಮ್ಮ ಯಂತ್ರಕ್ಕೆ ಹೇಗೆ ಬರುತ್ತದೆ, ಎರಡು ಪ್ಯಾಕೇಜುಗಳು ಒಂದನ್ನೊಂದು ಕಂಡರೆ ಯಾಕೆ ಉರಿದುಬೀಳುತ್ತವೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ.

ಹಿನ್ನೆಲೆಯನ್ನು ಬೇಗ ಮುಗಿಸಿಬಿಡೋಣ. ಕ್ನೂತ್ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಎರಡನೆಯ ಸಂಪುಟದ ಪರಿಷ್ಕೃತ ಮುದ್ರಣದ ಕರಡಚ್ಚನ್ನು ನೋಡಿ ಬೇಸತ್ತರು. ಸೀಸದ ಮೊಳೆಗಳ ಕಾಲದಲ್ಲಿ ಚೆಂದವಾಗಿ ಬಂದಿದ್ದ ಗಣಿತ, ಆಮೇಲೆ ಬಂದ ಫೋಟೊ ಜೋಡಣೆಯಲ್ಲಿ ಸೊರಗಿತ್ತು. ತಾನೇ ಒಂದು ಪ್ರೋಗ್ರಾಂ ಬರೆದರಾಯಿತು ಎಂದು ಹೊರಟರು. ಒಂದು ರಜಾವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ ದಶಕ ಹಿಡಿಯಿತು. 1990ರಲ್ಲಿ, ಇನ್ನು ಮುಂದೆ ದೋಷ ತಿದ್ದುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಸಾರಿ ಬಾಗಿಲು ಹಾಕಿದರು. ಅವರ ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಆದರೆ ಬದಲಿಸಿದ್ದನ್ನು ಟೆಕ್ ಎಂದು ಕರೆಯುವಂತಿಲ್ಲ. ಪಿಡಿಎಫ್‌ಟೆಕ್, ಝೀಟೆಕ್, ಲುವಾಟೆಕ್ ಎಂಬ ಬೇರೆ ಬೇರೆ ಹೆಸರಿನ ಎಂಜಿನ್‌ಗಳು ಹುಟ್ಟಿದ್ದು ಹೀಗೆ.

ಬಾಗಿಲು ಹಾಕುವ ಮುಂಚೆ ಕ್ನೂತ್ ಒಂದು ದೊಡ್ಡ ಕಿಟಕಿ ಇಟ್ಟಿದ್ದರು. ಟೆಕ್‌ಗೆ ಹುಟ್ಟಿನಿಂದ ಗೊತ್ತಿರುವ ಆಜ್ಞೆಗಳು ಸುಮಾರು 300. ಇಷ್ಟು ಜಾಗ ಬಿಡು, ಈ ಪೆಟ್ಟಿಗೆಯನ್ನು ಮೇಲೆತ್ತು, ಈ ಕಡತ ಓದು ಎಂಬಂಥ ಸಣ್ಣಪುಟ್ಟ ಕೆಲಸಗಳು ಅವು. ಉಳಿದದ್ದೆಲ್ಲ ಮ್ಯಾಕ್ರೊ. ಒಂದು ಹೆಸರು ಕೊಡಿ, ಆ ಹೆಸರು ಕಂಡಲ್ಲಿ ಏನನ್ನು ತಂದಿಡಬೇಕೆಂದು ಹೇಳಿ, ಮುಗಿಯಿತು. ಅದೇ ಹೆಸರಿಗೆ ಹತ್ತು ಸಾಲು ಬಿಟ್ಟು ಬೇರೆ ಅರ್ಥ ಕೊಟ್ಟರೂ ಟೆಕ್ ಚಕಾರ ಎತ್ತುವುದಿಲ್ಲ, ಹೊಸ ಅರ್ಥವನ್ನೇ ಹಿಡಿದು ನಡೆಯುತ್ತದೆ. ಅಷ್ಟೇ ಅಲ್ಲ, ಯಾವ ಚಿಹ್ನೆ ಅಕ್ಷರ, ಯಾವುದು ವಿರಾಮ, ಯಾವುದರಿಂದ ಆಜ್ಞೆ ಶುರುವಾಗಬೇಕು ಎಂಬುದನ್ನೂ ಓಟದ ನಡುವೆಯೇ ಬದಲಿಸಬಹುದು. ಭಾಷೆಯ ವ್ಯಾಕರಣವನ್ನು ಆ ಭಾಷೆಯಲ್ಲೇ ನಿಂತು ತಿದ್ದುವ ಸ್ವಾತಂತ್ರ್ಯ ಇದು. ಇಂದಿನ ಯಾವ ಪ್ರೋಗ್ರಾಮಿಂಗ್ ಭಾಷೆಯ ವಿನ್ಯಾಸಕನೂ ಇಷ್ಟು ಸಲಿಗೆ ಕೊಡಲಾರ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಎಲ್ಲ ಕಥೆ ಇಲ್ಲಿಂದಲೇ ಶುರು.

ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ಮೊದಲರ್ಧದಲ್ಲಿ ಕಟ್ಟಿದ ಲೇಟೆಕ್ ಇಂಥ ಮ್ಯಾಕ್ರೊಗಳದ್ದೇ ದೊಡ್ಡ ಕಟ್ಟು. ಅಧ್ಯಾಯ, ಅಡಿಟಿಪ್ಪಣಿ, ಪರಿವಿಡಿ ಎಂದು ಬರೆಯುವವನ ಭಾಷೆಯಲ್ಲಿ ಆಜ್ಞೆ ಕೊಡುವ ಅನುಕೂಲ ಅದರಿಂದ ಬಂತು. ಅದರ ಮೇಲೆ ಜನ ತಮ್ಮ ತಮ್ಮ ಜೋಡಣೆಗಳನ್ನು ಬರೆದುಕೊಂಡರು. ಕ್ರಮೇಣ ಒಬ್ಬರ ಲೇಟೆಕ್ ಇನ್ನೊಬ್ಬರಿಗೆ ಅರ್ಥವಾಗದ ಸ್ಥಿತಿ ಬಂತು. ಫ್ರಾಂಕ್ ಮಿಟ್ಟೆಲ್‌ಬಾಕ್ ಮತ್ತು ಸಂಗಡಿಗರು 1994ರಲ್ಲಿ ಇದನ್ನೆಲ್ಲ ಒಟ್ಟುಗೂಡಿಸಿ ಹೊಸ ಲೇಟೆಕ್ ಬಿಡುಗಡೆ ಮಾಡಿದಾಗ ಒಂದು ಗೆರೆ ಎಳೆದರು. ಪುಸ್ತಕವೋ ಲೇಖನವೋ ಪತ್ರವೋ ಎಂಬುದನ್ನು ಹೇಳುವುದು ‘ಕ್ಲಾಸ್’. ಯಾವ ಬಗೆಯ ಬರಹಕ್ಕಾದರೂ ಹೊಸ ಸಾಮರ್ಥ್ಯ ಸೇರಿಸುವುದು ‘ಪ್ಯಾಕೇಜ್’. ಆ ಗೆರೆ ಇಂದಿಗೂ ಹಾಗೇ ಇದೆ.

ಕಡತದ ತಲೆಯಲ್ಲಿ ‘ಯೂಸ್‌ಪ್ಯಾಕೇಜ್’ ಎಂದು ಬರೆದು ಒಂದು ಹೆಸರು ಕೊಟ್ಟಾಗ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ಹೆಸರಿನದನ್ನು ಆಗಲೇ ಓದಿದ್ದೇನೆಯೇ ಎಂದು ಲೇಟೆಕ್ ಮೊದಲು ನೋಡಿಕೊಳ್ಳುತ್ತದೆ. ಓದಿದ್ದರೆ ಮತ್ತೆ ಓದುವುದಿಲ್ಲ. ಈ ಸಲ ಬೇರೆ ಆಯ್ಕೆಗಳನ್ನು ಕೇಳಿದ್ದರೆ ‘ಆಪ್ಶನ್ ಕ್ಲ್ಯಾಶ್’ ಎಂದು ಕೂಗುತ್ತದೆ. ಓದಿಲ್ಲದಿದ್ದರೆ ಆ ಹೆಸರಿಗೆ ‘ಎಸ್‌ಟಿವೈ’ ಎಂಬ ಬಾಲ ಅಂಟಿಸಿ ಕಡತ ಹುಡುಕುತ್ತದೆ. ಸಿಕ್ಕಿದ ಕಡತದಲ್ಲಿ ಯಂತ್ರಭಾಷೆಯಿಲ್ಲ, ಗುಪ್ತಲಿಪಿಯಿಲ್ಲ, ಬರೀ ಪಠ್ಯ. ನೀವೇ ನಿಮ್ಮ ಕಡತದಲ್ಲಿ ಬರೆದುಕೊಳ್ಳಬಹುದಾಗಿದ್ದ ಮ್ಯಾಕ್ರೊಗಳನ್ನು ಇನ್ನೊಬ್ಬರು ಬರೆದಿಟ್ಟಿದ್ದಾರೆ. ಅವು ಅಲ್ಲಿಗೇ ಬಂದು ಬೀಳುತ್ತವೆ.

ಒಂದೇ ಒಂದು ವ್ಯತ್ಯಾಸವಿದೆ. ಪ್ಯಾಕೇಜು ಓದುವಷ್ಟು ಹೊತ್ತು, ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ ಆ ‘ಅಟ್’ ಚಿಹ್ನೆ, ಅದನ್ನು ಅಕ್ಷರವೆಂದು ಪರಿಗಣಿಸುವಂತೆ ಲೇಟೆಕ್ ಟೆಕ್‌ಗೆ ಹೇಳಿರುತ್ತದೆ. ಓದು ಮುಗಿದೊಡನೆ ಆ ಮನ್ನಣೆ ಹಿಂತೆಗೆಯುತ್ತದೆ. ಪ್ಯಾಕೇಜು ಬರೆಯುವವರು ತಮ್ಮ ಒಳಗುಟ್ಟಿನ ಆಜ್ಞೆಗಳ ಹೆಸರಿನಲ್ಲಿ ಈ ಚಿಹ್ನೆಯನ್ನು ಸೇರಿಸುತ್ತಾರೆ. ಸಾಮಾನ್ಯ ಬಳಕೆದಾರ ತನ್ನ ಬರಹದಲ್ಲಿ ಅಂಥ ಹೆಸರನ್ನು ಟೈಪ್ ಮಾಡಿದರೂ ಅದು ಆಜ್ಞೆಯಾಗುವುದಿಲ್ಲ. ಕೈತಪ್ಪಿ ಒಳಗಿನ ತಂತಿ ಮುಟ್ಟದಿರಲೆಂದು ಇಟ್ಟ ಪುಟ್ಟ ಬೇಲಿ. ಇಷ್ಟು ಸರಳ ಉಪಾಯದ ಮೇಲೆ ಮೂವತ್ತು ನಲವತ್ತು ವರ್ಷಗಳ ಪ್ರಕಟಣೆಗಳು ನಿಂತಿವೆ ಎಂದರೆ ನನಗಂತೂ ಈಗಲೂ ಬೆರಗು.

ಬೇಲಿ ಇರುವುದು ಬಳಕೆದಾರನಿಗೂ ಪ್ಯಾಕೇಜಿಗೂ ನಡುವೆ ಮಾತ್ರ. ಪ್ಯಾಕೇಜು ಪ್ಯಾಕೇಜುಗಳ ನಡುವೆ ಏನೂ ಇಲ್ಲ. ಎಲ್ಲವೂ ಒಂದೇ ವಠಾರದಲ್ಲಿ, ಗೋಡೆಯಿಲ್ಲದೆ, ಒಂದೇ ಬಾವಿಯ ನೀರು ಸೇದಿಕೊಂಡು ಸಂಸಾರ ಮಾಡಬೇಕು. ‘ಹೈಪರ್‌ರೆಫ್’ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಪರಿವಿಡಿಯ ಸಾಲು ಒತ್ತಿದರೆ ಅಧ್ಯಾಯಕ್ಕೆ ಜಿಗಿಯುವ ಸೌಲಭ್ಯ ಅದರದ್ದು. ಅದನ್ನು ಕೊಡಬೇಕೆಂದರೆ ಅಧ್ಯಾಯ, ಅಡಿಟಿಪ್ಪಣಿ, ಸಮೀಕರಣ, ಉಲ್ಲೇಖ ಹೀಗೆ ಲೇಟೆಕ್‌ನ ಹತ್ತಾರು ಆಜ್ಞೆಗಳ ಹೊಟ್ಟೆ ಬಗೆದು ಕೊಂಡಿ ಸಿಕ್ಕಿಸಬೇಕು. ಅದು ಸಿಕ್ಕಿಸಿದ ಮೇಲೆ ಇನ್ನೊಂದು ಪ್ಯಾಕೇಜು ಬಂದು ಅದೇ ಅಡಿಟಿಪ್ಪಣಿಗೆ ತನ್ನದೇ ಹೊಸ ಅರ್ಥ ಕೊಟ್ಟರೆ ಕೊಂಡಿ ಕಳಚಿತು. ಹಾಗಾಗಿ ‘ಹೈಪರ್‌ರೆಫ್ ಕೊನೆಗೆ ಬರಲಿ’ ಎಂಬುದು ಲೇಟೆಕ್ ಲೋಕದ ಅಲಿಖಿತ ಶಾಸನ. ‘ಕ್ಲೆವರ್‌ರೆಫ್’ ಎಂಬ ಇನ್ನೊಂದು ಪ್ಯಾಕೇಜು ಮಾತ್ರ ಹೈಪರ್‌ರೆಫ್‌ನ ನಂತರವೇ ಬರಬೇಕು, ಏಕೆಂದರೆ ಅದು ಹೈಪರ್‌ರೆಫ್ ಬದಲಿಸಿದ್ದನ್ನು ಮತ್ತೆ ಬದಲಿಸುತ್ತದೆ! ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇಂಥ ಕ್ರಮಗಳನ್ನು ಮಂತ್ರದಂತೆ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಕಾರಣ ಗೊತ್ತಿದ್ದರೆ ಮಂತ್ರ ಬೇಕಿಲ್ಲ: ಒಂದೇ ಹೆಸರಿಗೆ ಕೊನೆಗೆ ಅರ್ಥ ಕೊಟ್ಟವನೇ ಗೆದ್ದ.

ಬಾವಿಯ ನೀರಿಗೂ ಮಿತಿಯಿತ್ತು. ಅಳತೆಗಳನ್ನು ಹಿಡಿದಿಡಲು ಕ್ನೂತ್ ಕೊಟ್ಟದ್ದು 256 ಖಾನೆಗಳು, ಎಣಿಕೆಗೆ 256, ಬರೆಯಲು ಏಕಕಾಲಕ್ಕೆ ತೆರೆದಿಡಬಹುದಾದ ಕಡತಗಳು 16. ಆ ಕಾಲದ ಕಂಪ್ಯೂಟರಿಗೆ ಇದು ಧಾರಾಳ. ಪ್ಯಾಕೇಜುಗಳು ಹೆಚ್ಚಿದಂತೆ ‘ಹೊಸ ಅಳತೆಗೆ ಜಾಗವಿಲ್ಲ’ ಎಂಬ ದೋಷಸಂದೇಶ ನಿತ್ಯದ ಕಿರುಕುಳವಾಯಿತು. ಇ-ಟೆಕ್ ಎಂಬ ವಿಸ್ತೃತ ಎಂಜಿನ್ ಖಾನೆಗಳನ್ನು 32,768ಕ್ಕೆ ಏರಿಸಿ ಆ ಕಾಟ ತಪ್ಪಿಸಿತು. ಹದಿನಾರು ಕಡತಗಳ ಮಿತಿ ಮಾತ್ರ ಪಿಡಿಎಫ್‌ಟೆಕ್‌ನಲ್ಲೂ ಝೀಟೆಕ್‌ನಲ್ಲೂ ಉಳಿದೇ ಇದೆ. ಪರಿವಿಡಿಗೊಂದು, ಚಿತ್ರಪಟ್ಟಿಗೊಂದು, ಪದಸೂಚಿಗೊಂದು ಎಂದು ಲೇಟೆಕ್ ಒಂದೊಂದೇ ಕಬಳಿಸುತ್ತದೆ. ಭಾರೀ ಪಠ್ಯಪುಸ್ತಕ ಮಾಡುವವರು ಇಂದಿಗೂ ಆ ಗೋಡೆಗೆ ತಲೆ ಚಚ್ಚಿಕೊಳ್ಳುವುದುಂಟು. ಅದಕ್ಕೂ ‘ಮೋರ್‌ರೈಟ್ಸ್’ ಎಂಬ ಪ್ಯಾಕೇಜಿದೆ ಎಂದರೆ ನಗು ಬರುತ್ತದೆ. ಪ್ಯಾಕೇಜು ತಂದ ರೋಗಕ್ಕೆ ಪ್ಯಾಕೇಜೇ ಮದ್ದು.

ಲೇಟೆಕ್ ತಂಡ ಕೈಕಟ್ಟಿ ಕೂತಿಲ್ಲ. 2020ರಲ್ಲಿ ಎರಡು ಬದಲಾವಣೆ ತಂದರು. ಪ್ರತಿ ಪ್ಯಾಕೇಜೂ ತನ್ನ ಆಜ್ಞೆಗಳ ಹೆಸರಿಗೆ ತನ್ನದೇ ಮುಂಗುರುತು ಹಚ್ಚಬೇಕೆಂಬ ಕಟ್ಟುಪಾಡಿನ ಹೊಸ ಪ್ರೋಗ್ರಾಮಿಂಗ್ ಪದರ ಲೇಟೆಕ್‌ನ ಒಳಕ್ಕೇ ಸೇರಿತು. ಆಜ್ಞೆಗಳ ಹೊಟ್ಟೆ ಬಗೆಯುವ ಬದಲು ‘ಇಲ್ಲಿ ನನ್ನದೊಂದು ಕೆಲಸವಿದೆ’ ಎಂದು ಹೆಸರು ನೋಂದಾಯಿಸಲು ಕೊಕ್ಕೆಗಳ ವ್ಯವಸ್ಥೆ ಬಂತು. ಹೊಸದಾಗಿ ಬರೆಯುವವರು ಇವನ್ನು ಬಳಸುತ್ತಾರೆ. ಸಾವಿರಾರು ಹಳೆಯ ಪ್ಯಾಕೇಜುಗಳು ಹಳೆಯ ಚಾಳಿಯಲ್ಲೇ ಇವೆ, ಇರುತ್ತವೆ ಕೂಡ.

ಈ ಕಡತಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗೆ ಈಗ ಬರೋಣ. 1990ರ ಸುಮಾರಿಗೆ ಅವು ಜಗತ್ತಿನ ಹತ್ತಾರು ವಿಶ್ವವಿದ್ಯಾಲಯಗಳ ಎಫ್‌ಟಿಪಿ ಸರ್ವರ್‌ಗಳಲ್ಲಿ ಚದುರಿದ್ದವು. ಒಂದೇ ಪ್ಯಾಕೇಜಿನ ಐದು ಪ್ರತಿ, ಐದಕ್ಕೂ ಬೇರೆ ಬೇರೆ ತಾರೀಕು. ಇಂಗ್ಲೆಂಡಿನ ಆಸ್ಟನ್, ಜರ್ಮನಿಯ ಸ್ಟುಟ್‌ಗಾರ್ಟ್, ಅಮೆರಿಕದ ಟೆಕ್ಸಸ್‌ನ ಸ್ಯಾಮ್ ಹ್ಯೂಸ್ಟನ್ ವಿಶ್ವವಿದ್ಯಾಲಯ, ಈ ಮೂರು ಕಡೆಯವರು ಸೇರಿ ತಮ್ಮ ಸಂಗ್ರಹಗಳನ್ನು ಒಂದೇ ರೂಪಕ್ಕೆ ತಂದು, ಒಂದರ ಪಡಿಯಚ್ಚು ಇನ್ನೊಂದಾಗುವಂತೆ ಮಾಡಿದರು. ಸೀಟ್ಯಾನ್ ಎಂಬ ಹೆಸರಿನಲ್ಲಿ 1993ರಲ್ಲಿ ಅದು ಲೋಕಾರ್ಪಣೆಯಾಯಿತು. ಪರ್ಲ್ ಭಾಷೆಯವರು ಸೀಪ್ಯಾನ್ ಕಟ್ಟಿದ್ದು ಇದನ್ನು ನೋಡಿಯೇ. ಸಂಖ್ಯಾಶಾಸ್ತ್ರದವರ ಆರ್ ಭಾಷೆಯ ಕ್ರ್ಯಾನ್ ಕೂಡ ಅದೇ ವಂಶದ್ದು. ಇವತ್ತು ಪ್ರತಿ ಪ್ರೋಗ್ರಾಮಿಂಗ್ ಭಾಷೆಗೂ ಒಂದು ಪ್ಯಾಕೇಜು ಭಂಡಾರ ಇರಲೇಬೇಕು ಎನ್ನುವವರು, ಆ ಪದ್ಧತಿ ಪುಸ್ತಕ ಅಚ್ಚು ಹಾಕುವವರಿಂದ ಬಂತು ಎಂಬುದನ್ನು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಸೀಟ್ಯಾನ್‌ನಲ್ಲಿ ಈಗ 6,000ಕ್ಕೂ ಮೀರಿ ಪ್ಯಾಕೇಜುಗಳಿವೆ. ಟಿಲ್ ಟಾಂಟಾವ್ ಬರೆದ ‘ಟಿಕ್‌ಝಡ್’ ಚಿತ್ರ ಬಿಡಿಸುವ ಒಂದು ಇಡೀ ಭಾಷೆ, ಅದರ ಕೈಪಿಡಿಯೇ ಸಾವಿರ ಪುಟ ದಾಟುತ್ತದೆ. ಇನ್ನೊಂದು ತುದಿಯಲ್ಲಿ, ಪುಟದ ಮೇಲೆ ಕಾಫಿ ಲೋಟದ ಕಲೆ ಮೂಡಿಸಲೆಂದೇ ಒಂದು ಪ್ಯಾಕೇಜಿದೆ. ರಬ್ಬರ್ ಬಾತುಕೋಳಿಗಳಿಗೆ ಟೊಪ್ಪಿ, ಕನ್ನಡಕ ತೊಡಿಸಲು ಇನ್ನೊಂದು. ಎರಡಕ್ಕೂ ಸೀಟ್ಯಾನ್‌ನಲ್ಲಿ ಸಮಾನ ಗೌರವ.

ಇಲ್ಲಿಂದ ನೇರವಾಗಿ ಒಂದು ಪ್ಯಾಕೇಜನ್ನು ಇಳಿಸಿಕೊಂಡ ಹೊಸಬನಿಗೆ ಮೊದಲ ಪೆಟ್ಟು ಕಾದಿರುತ್ತದೆ. ಎಷ್ಟೋ ಸಲ ಅಲ್ಲಿ ‘ಎಸ್‌ಟಿವೈ’ ಕಡತವೇ ಇರುವುದಿಲ್ಲ! ‘ಡಿಟಿಎಕ್ಸ್’ ಒಂದು, ‘ಐಎನ್‌ಎಸ್’ ಒಂದು ಇರುತ್ತವೆ. ಪ್ರೋಗ್ರಾಂ ಎಂದರೆ ಮನುಷ್ಯರು ಓದುವ ಪ್ರಬಂಧದಂತಿರಬೇಕು ಎಂಬುದು ಕ್ನೂತ್‌ರ ಹಳೆಯ ವಾದ. ಅದರಂತೆ ಪ್ಯಾಕೇಜಿನ ಕೋಡು, ವಿವರಣೆ ಎರಡನ್ನೂ ಒಂದೇ ‘ಡಿಟಿಎಕ್ಸ್’ ಕಡತದಲ್ಲಿ ಹೆಣೆದು ಬರೆದಿರುತ್ತಾರೆ. ‘ಐಎನ್‌ಎಸ್’ ಕಡತವನ್ನು ಟೆಕ್‌ಗೆ ಕೊಟ್ಟರೆ ವಿವರಣೆ ಸೋಸಿ ಕೋಡನ್ನು ‘ಎಸ್‌ಟಿವೈ’ ಆಗಿ ಹೊರತೆಗೆಯುತ್ತದೆ. ‘ಡಿಟಿಎಕ್ಸ್’ ಅನ್ನೇ ಕೊಟ್ಟರೆ ಕೈಪಿಡಿ ಅಚ್ಚಾಗುತ್ತದೆ. ಸೊಗಸಾದ ಯೋಜನೆ, ನಿಜ. ಆದರೆ ನಾಳೆ ಪ್ರಬಂಧ ಸಲ್ಲಿಸಬೇಕಾದವನಿಗೆ ಈ ಸೊಗಸು ಬೇಕಿರುವುದಿಲ್ಲ. ಅವನ ಪರವಾಗಿ ಈ ಎಲ್ಲ ಕೆಲಸವನ್ನೂ ಮಾಡಿಟ್ಟಿರುವುದು ‘ವಿತರಣೆ’, ಅಂದರೆ ಡಿಸ್ಟ್ರಿಬ್ಯೂಷನ್.

ಹೆಸರಾದ ವಿತರಣೆಗಳು ಎರಡು. 1996ರಲ್ಲಿ ಸಿಡಿಯಲ್ಲಿ ಹಂಚಲು ಶುರುವಾದ ಟೆಕ್ ಲೈವ್ ಒಂದು. ಮ್ಯಾಕ್ ಬಳಸುವವರ ಮ್ಯಾಕ್‌ಟೆಕ್ ಅದರದ್ದೇ ರೂಪ. ವಿಂಡೋಸ್‌ಗಾಗಿ ಕ್ರಿಶ್ಚಿಯನ್ ಶೆಂಕ್ ಬೆಳೆಸಿದ ಮಿಕ್‌ಟೆಕ್ ಇನ್ನೊಂದು. ಟೆಕ್ ಲೈವ್ ಹುಟ್ಟಿಗೆ ಕಾರಣರಾದವರಲ್ಲಿ ಮುಖ್ಯರು ಸೆಬಾಸ್ಟಿಯನ್ ರಾಟ್ಸ್. ಸೀಟ್ಯಾನ್ ಕಟ್ಟಿದವರಲ್ಲೂ ಅವರಿದ್ದರು, ಮೇಲೆ ಹೇಳಿದ ಹೈಪರ್‌ರೆಫ್ ಕೂಡ ಅವರದ್ದೇ ಕೂಸು. 2016ರಲ್ಲಿ ತೀರಿಕೊಂಡ ಈ ಮನುಷ್ಯನ ಹೆಸರು ಪಿಡಿಎಫ್‌ನಲ್ಲಿ ಕೊಂಡಿ ಒತ್ತುವ ಎಷ್ಟು ಸಂಶೋಧಕರಿಗೆ ಗೊತ್ತೋ!

ವಿತರಣೆಯೆಂದರೆ ಕಡತಗಳ ಮೂಟೆ ಮಾತ್ರವಲ್ಲ. ಲಕ್ಷಾಂತರ ಕಡತಗಳ ನಡುವೆ ಬೇಕಾದ್ದನ್ನು ಕ್ಷಣದಲ್ಲಿ ಹುಡುಕಬೇಕು. ಟೆಕ್‌ನ ಕಡತಗಳು ಎಲ್ಲೆಲ್ಲಿ ಇರಬೇಕೆಂಬುದಕ್ಕೆ ಒಪ್ಪಿತ ಮರವೊಂದಿದೆ. ಮ್ಯಾಕ್ರೊಗಳಿಗೆ ಒಂದು ಕೊಂಬೆ, ಫಾಂಟಿಗೆ ಒಂದು, ಕೈಪಿಡಿಗೆ ಒಂದು. ಕಾರ್ಲ್ ಬೆರಿ ಬರೆದ ‘ಕೆಪಾತ್‌ಸೀ’ ಎಂಬ ಹುಡುಕಾಟದ ತಂತ್ರಾಂಶ ಡಿಸ್ಕನ್ನು ಜಾಲಾಡುವ ಬದಲು, ಮರದ ಬುಡದಲ್ಲಿ ಮೊದಲೇ ತಯಾರಿಸಿಟ್ಟ ಕಡತಪಟ್ಟಿಯನ್ನು ನೋಡುತ್ತದೆ. ಆದ್ದರಿಂದ ಪ್ಯಾಕೇಜನ್ನು ಸರಿಯಾದ ಕೊಂಬೆಗೇ ಕೈಯಾರೆ ಹಾಕಿದರೂ, ಪಟ್ಟಿಯನ್ನು ಹೊಸದಾಗಿ ಬರೆಸದಿದ್ದರೆ ಟೆಕ್‌ನ ಪಾಲಿಗೆ ಅದು ಇಲ್ಲ. ಕಣ್ಣೆದುರೇ ಇರುವ ಕಡತವನ್ನು ಇಲ್ಲವೆನ್ನುವ ಕಂಪ್ಯೂಟರಿಗೆ ಬೈಯುವವರು ಒಮ್ಮೆ ಪಟ್ಟಿ ನವೀಕರಿಸಿ ನೋಡಬೇಕು. ಇದಕ್ಕೆ ಉಲ್ಟಾ ತೊಂದರೆಯೂ ಉಂಟು. ಟೆಕ್ ಮೊದಲು ನೋಡುವುದು ನೀವು ಕೆಲಸ ಮಾಡುತ್ತಿರುವ ಫೋಲ್ಡರನ್ನೇ. ಸೀನಿಯರ್‌ಗಳಿಂದ ಬಳುವಳಿಯಾಗಿ ಬಂದ ಪ್ರಬಂಧದ ಫೋಲ್ಡರಿನಲ್ಲಿ ಹತ್ತು ವರ್ಷ ಹಳೆಯ ಪ್ಯಾಕೇಜಿನ ಪ್ರತಿಯೊಂದು ಮುದುಡಿ ಕೂತಿದ್ದರೆ ವಿತರಣೆಯ ಹೊಸ ಪ್ರತಿಯನ್ನು ಯಾರೂ ಕೇಳುವುದಿಲ್ಲ. ಯಾವ ಕಡತ ಎಲ್ಲಿಂದ ಬಂತು ಎಂಬುದನ್ನು ಟೆಕ್ ತನ್ನ ದಿನಚರಿ ಕಡತದಲ್ಲಿ ಬರೆದೇ ಇಟ್ಟಿರುತ್ತದೆ. ಅದನ್ನು ಓದುವ ಅಭ್ಯಾಸವಿದ್ದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಯಾವ ಪ್ಯಾಕೇಜಿಗೆ ಬೇರೆ ಯಾವುದೆಲ್ಲ ಬೇಕು ಎಂಬ ಪಟ್ಟಿಯನ್ನು ಕಡ್ಡಾಯವಾಗಿ ಕೊಡುವ ಪದ್ಧತಿ ಈ ಲೋಕದಲ್ಲಿ ಬೆಳೆಯಲೇ ಇಲ್ಲ. ಅದು ಗೊತ್ತಾಗುವುದು ಕಡತವನ್ನು ಓದುತ್ತ ಹೋದಾಗಲೇ. ಮಿಕ್‌ಟೆಕ್ ಇದನ್ನೇ ಅನುಕೂಲ ಮಾಡಿಕೊಂಡು, ಓಟದ ನಡುವೆ ಕಡತ ಸಿಗದಿದ್ದರೆ ಜಾಲದಿಂದ ತಂದು ಕೂಡಿಸಿ ಮುಂದುವರಿಯುತ್ತದೆ. ಟೆಕ್ ಲೈವ್‌ನವರದ್ದು ಬೇರೆ ಜಾಯಮಾನ: ಎಲ್ಲವನ್ನೂ ಮೊದಲೇ ಹಾಕಿಕೊಂಡುಬಿಡಿ, ಹಲವು ಗಿಗಾಬೈಟ್ ಹೋದರೆ ಹೋಗಲಿ. ನನ್ನ ಓಟು ಎರಡನೆಯದಕ್ಕೆ. ಡೆಬಿಯನ್, ಉಬುಂಟು ಬಳಸುವವರು ಮೂರನೆಯ ಇಕ್ಕಟ್ಟಿನಲ್ಲಿರುತ್ತಾರೆ. ಅಲ್ಲಿ ಟೆಕ್ ಲೈವನ್ನು ಹೋಳುಹೋಳು ಮಾಡಿ ‘ಬೇಸ್’, ‘ಎಕ್ಸ್‌ಟ್ರಾ’ ಎಂದೆಲ್ಲ ಹಂಚಿಟ್ಟಿರುವುದರಿಂದ, ಬೇಕಾದ ಒಂದು ಕಡತ ಯಾವ ಹೋಳಿನಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ.

ಇಷ್ಟರ ನಡುವೆ ಒಂದು ತಪ್ಪು ಗ್ರಹಿಕೆ ಬೇರೂರಿದೆ. ಟೆಕ್ ಬದಲಾಗುವುದಿಲ್ಲ, ಆದ್ದರಿಂದ ಇಂದು ಬರೆದ ಕಡತ ಮೂವತ್ತು ವರ್ಷದ ನಂತರವೂ ಹೀಗೇ ಅಚ್ಚಾಗುತ್ತದೆ ಎಂಬುದು. ಬರೀ ಟೆಕ್ ಬಳಸಿದ್ದರೆ ಈ ಮಾತು ನಿಜ. ಇಪ್ಪತ್ತು ಪ್ಯಾಕೇಜು ಸೇರಿಸಿದ ಕಡತಕ್ಕೆ ಇಪ್ಪತ್ತು ಜನರ ಮರ್ಜಿ ಅಂಟಿಕೊಂಡಿರುತ್ತದೆ. ಒಬ್ಬರು ಒಂದು ಅಂತರವನ್ನು ತಿದ್ದಿದರೂ ಸಾಲು ಜಾರಿ, ಪುಟ ಜಾರಿ, ಪದಸೂಚಿಯೆಲ್ಲ ಏರುಪೇರು. ಇದಕ್ಕೆ ಲೇಟೆಕ್‌ನ ಪರವಾನಗಿಯಲ್ಲಿ ಒಂದು ಎಚ್ಚರಿಕೆಯಿದೆ. ಪ್ಯಾಕೇಜನ್ನು ಬೇರೆಯವರು ತಿದ್ದಿ ಹಂಚಬಹುದು, ಆದರೆ ತಿದ್ದಿದ್ದು ತಾನೇ ಮೂಲವೆಂದು ಸೋಗು ಹಾಕಬಾರದು. ಹೆಸರು ಒಂದೇ ಇದ್ದರೆ ಒಳಗಿರುವುದೂ ಒಂದೇ ಆಗಿರಲಿ ಎಂಬುದು ಅದರ ಉದ್ದೇಶ. ಮೂಲದವರೇ ತಿದ್ದಿದರೆ ಪರವಾನಗಿ ಏನೂ ಮಾಡಲಾರದು. ಹಾಗಾಗಿ ಟೆಕ್ ಲೈವ್ ವರ್ಷಕ್ಕೊಮ್ಮೆ ಇಡೀ ಸಂಗ್ರಹವನ್ನು ಸ್ತಬ್ಧಗೊಳಿಸಿ, ಆ ವರ್ಷದ ಹೆಸರಿನಲ್ಲಿ ಬಿಡುಗಡೆ ಮಾಡುತ್ತದೆ. ಆ ವರ್ಷದ ಸಂಖ್ಯೆಯೇ ನಿಜವಾದ ಆವೃತ್ತಿ ಸಂಖ್ಯೆ. ಭೌತಶಾಸ್ತ್ರ, ಗಣಿತದ ಮುದ್ರಣಪೂರ್ವ ಲೇಖನಗಳನ್ನು 1991ರಿಂದ ಕಾಪಿಟ್ಟಿರುವ ಆರ್ಕೈವ್ ಭಂಡಾರವು ಲೇಖಕರು ಕೊಟ್ಟ ಮೂಲ ಕಡತಗಳಿಂದಲೇ ಪಿಡಿಎಫ್ ತಯಾರಿಸುತ್ತದೆ. ಅದಕ್ಕಾಗಿ ಹಳೆಯ ವಿತರಣೆಗಳನ್ನೂ ಉಳಿಸಿಕೊಂಡಿದೆ. ಜಾಲದಲ್ಲೇ ಬರೆಯಲು ಬಿಡುವ ಓವರ್‌ಲೀಫ್ ಕೂಡ ಪ್ರತಿ ಯೋಜನೆಗೂ ಯಾವ ವರ್ಷದ ಟೆಕ್ ಲೈವ್ ಬೇಕೆಂದು ಆರಿಸಿಕೊಳ್ಳಲು ಬಿಡುತ್ತದೆ. ಪುಸ್ತಕ ಮುಗಿಸಿದವರು ತಮ್ಮ ಮೂಲ ಕಡತದ ತಲೆಯಲ್ಲಿ ವಿತರಣೆಯ ವರ್ಷವನ್ನು ಬರೆದಿಟ್ಟರೆ ಮರುಮುದ್ರಣದ ದಿನ ತಮಗೇ ನಮಸ್ಕಾರ ಹೇಳಿಕೊಳ್ಳುತ್ತಾರೆ.

ಕನ್ನಡದ ಮಾತಿಗೆ ಬಂದರೆ, ಬರೀ ಕಡತ ನಕಲು ಮಾಡಿದರೆ ಪ್ಯಾಕೇಜು ನೆಲೆಗೊಳ್ಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮೂಲ ಟೆಕ್‌ನ ಫಾಂಟಿನಲ್ಲಿ ಇದ್ದದ್ದೇ 256 ಅಕ್ಷರಗಳಿಗೆ ಜಾಗ. ಒತ್ತಕ್ಷರ, ಗುಣಿತಾಕ್ಷರಗಳ ನಮ್ಮ ಲಿಪಿಗೆ ಅದು ಸಾಲದು. ಹಳೆಯ ಕಾಲದಲ್ಲಿ ಭಾರತೀಯ ಲಿಪಿಗಳಿಗೆ ರೋಮನ್ ಅಕ್ಷರದಲ್ಲಿ ಬರೆದು, ಅದನ್ನು ಬೇರೊಂದು ಪ್ರೋಗ್ರಾಂನಿಂದ ಫಾಂಟಿನ ತುಣುಕುಗಳಾಗಿ ಬದಲಿಸಿ, ಆಮೇಲೆ ಟೆಕ್‌ಗೆ ಉಣಿಸುತ್ತಿದ್ದರು. ಜೋನಥನ್ ಕ್ಯೂ 2004ರಲ್ಲಿ ಹೊರತಂದ ಝೀಟೆಕ್ ಯೂನಿಕೋಡನ್ನು ನೇರವಾಗಿ ಓದಿ, ಕಂಪ್ಯೂಟರಿನಲ್ಲಿರುವ ಓಪನ್‌ಟೈಪ್ ಫಾಂಟನ್ನೇ ಬಳಸಿ ಈ ಸರ್ಕಸ್ಸಿಗೆ ಮಂಗಳ ಹಾಡಿತು. ಅದರ ಮೇಲೆ ವಿಲ್ ರಾಬರ್ಟ್‌ಸನ್‌ರ ‘ಫಾಂಟ್‌ಸ್ಪೆಕ್’ ಪ್ಯಾಕೇಜು ಬೇಕು. ಇಲ್ಲಿ ಫಾಂಟಿನ ಹೆಸರಷ್ಟೇ ಕೊಟ್ಟು ಸುಮ್ಮನಾದರೆ ‘ಅಕ್ಕ’ ಎಂಬಲ್ಲಿ ಒತ್ತು ಕೆಳಗಿಳಿಯದೆ ಅರ್ಧ ಕಕಾರ ಪಕ್ಕದಲ್ಲೇ ನಿಂತುಬಿಡಬಹುದು. ‘ಸ್ಕ್ರಿಪ್ಟ್’ ಆಯ್ಕೆಯಲ್ಲಿ ಕನ್ನಡ ಎಂದು ಹೇಳಿದಾಗಲೇ ಫಾಂಟಿನೊಳಗಿನ ಕನ್ನಡದ ನಿಯಮಗಳು ಎಚ್ಚರಗೊಳ್ಳುತ್ತವೆ. ಲುವಾಟೆಕ್ ಬಳಗದಲ್ಲಾದರೆ ಅಕ್ಷರ ಕೂಡಿಸುವ ಕೆಲಸವನ್ನು ‘ಹಾರ್ಫ್‌ಬಝ್’ಗೆ ವಹಿಸಬೇಕೆಂದು ಇನ್ನೊಂದು ಮಾತು ಸೇರಿಸಬೇಕು. 2020ರಿಂದ ಟೆಕ್ ಲೈವ್‌ನ ಲುವಾಲೇಟೆಕ್‌ನಲ್ಲಿ ಅದು ಒಳಗೇ ಇದೆ.

ಸಾಲಿನ ತುದಿಯಲ್ಲಿ ಪದ ಮುರಿಯುವುದು ಇನ್ನೊಂದು ಸಂಗತಿ. ಸಂಧಿ ಸಮಾಸಗಳಿಂದ ಉದ್ದವಾಗುವ ನಮ್ಮ ಪದಗಳನ್ನು ಮುರಿಯಲು ಬಿಡದಿದ್ದರೆ ಸಾಲಿನ ನಡುವೆ ಕಂದಕಗಳು ಬೀಳುತ್ತವೆ. ಎಲ್ಲಿ ಮುರಿಯಬಹುದು ಎಂಬ ಮಾದರಿಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಬರೆದುಕೊಟ್ಟವರು ಕೇರಳದ ಸಂತೋಷ್ ತೋಟ್ಟಿಂಗಲ್. ಇಂಥ ಮಾದರಿಗಳನ್ನು ಪಿಡಿಎಫ್‌ಟೆಕ್, ಝೀಟೆಕ್‌ಗಳು ಬರಹ ಓದುವಾಗ ಓದುವುದಿಲ್ಲ. ಲೇಟೆಕ್ ಅನ್ನು ಮೊದಲೇ ಅರೆದು ಸಿದ್ಧಪಡಿಸಿಟ್ಟ ‘ಫಾರ್ಮ್ಯಾಟ್’ ಕಡತದೊಳಗೆ ಅವು ಸೇರಿರಬೇಕು. ಅಂದರೆ ಕನ್ನಡದ ಪದವಿಚ್ಛೇದ ಬೇಕೆಂದರೆ ವಿತರಣೆಯು ಕಡತ ಇಳಿಸಿಕೊಂಡು, ಭಾಷೆಗಳ ಪಟ್ಟಿಗೆ ಅದರ ಹೆಸರು ಸೇರಿಸಿ, ಇಡೀ ಲೇಟೆಕ್ ಅನ್ನು ಮತ್ತೊಮ್ಮೆ ಅರೆಯಬೇಕು. ಲುವಾಟೆಕ್ ಮಾತ್ರ ಬೇಕಾದಾಗ ಬೇಕಾದ ಭಾಷೆಯದ್ದನ್ನು ಎತ್ತಿಕೊಳ್ಳುತ್ತದೆ. ಟೆಕ್ ಲೈವ್‌ನಲ್ಲಿ ಈ ಭಾರತೀಯ ಮಾದರಿಗಳ ಕಟ್ಟು ಇರುವುದು ‘ಇತರ ಭಾಷೆಗಳು’ ಎಂಬ ಗುಂಪಿನಲ್ಲಿ. ಪೂರ್ತಿ ಟೆಕ್ ಲೈವ್ ಹಾಕಿಕೊಳ್ಳದೆ ಜಾಗ ಉಳಿಸಲು ಹೋಗಿ ಆ ಗುಂಪನ್ನು ಬಿಟ್ಟವರಿಗೆ ದೋಷಸಂದೇಶ ಬಾರದೆಯೂ ಇರಬಹುದು. ಬಲ ಅಂಚು ಹಲ್ಲುಹಲ್ಲಾಗಿ ನಿಲ್ಲುತ್ತದೆ, ಅಷ್ಟೆ.

ಮಾದರಿಗಳು ಸರಿಯಿಲ್ಲ ಎನಿಸಿದವರು ಕಡತ ತೆರೆದು ನೋಡಬಹುದು. ಕನ್ನಡ ಅಕ್ಷರಗಳು, ನಡುನಡುವೆ ಅಂಕಿಗಳು, ಬೇರೇನಿಲ್ಲ. ಬೆಸ ಅಂಕಿ ಇದ್ದಲ್ಲಿ ಮುರಿಯಬಹುದು, ಸಮ ಅಂಕಿ ಇದ್ದಲ್ಲಿ ಕೂಡದು. ಫ್ರಾಂಕ್ ಲಿಯಾಂಗ್ 1983ರಲ್ಲಿ ಕ್ನೂತ್ ಬಳಿ ಪಿಎಚ್‌ಡಿ ಮಾಡುತ್ತ ರೂಪಿಸಿದ ಇದೇ ಕ್ರಮ ಇಂಗ್ಲಿಷಿಗೂ ಇದೆ. ತಿದ್ದುಪಡಿ ಒಪ್ಪಿಗೆಯಾದರೆ ಅದು ಮೊದಲು ಸೀಟ್ಯಾನ್‌ಗೆ ಹೋಗುತ್ತದೆ, ಅಲ್ಲಿಂದ ಟೆಕ್ ಲೈವ್‌ನ ನಿತ್ಯದ ನವೀಕರಣದಲ್ಲಿ ಬರುತ್ತದೆ, ಹೊಸ ವರ್ಷದ ಬಿಡುಗಡೆಯ ಹೊತ್ತಿಗೆ ಉಳಿದ ಸಾವಿರಾರು ಪ್ಯಾಕೇಜುಗಳ ಜೊತೆ ಸ್ತಬ್ಧವಾಗುತ್ತದೆ.